ಫೋನ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಗೊತ್ತಾಗುತ್ತಾ?

ಜಯನಗರ: ಕ್ಯಾಮೆರಾ ಮೇಲೆ ಬೆರಳಿಡಿ, ಬಿಪಿ ಹೇಳ್ತೀವಿ ಅನ್ನೋ ಆ್ಯಪ್‌ಗಳಿವೆ. ಜಯನಗರ, ಬನಶಂಕರಿ ಕಡೆ ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲಾ ಬಿಟ್ಟು ಏಳಲಾಗದ ಅಂಗಡಿಯವರಿಗೆ ಇದು ಅನುಕೂಲ ಅನ್ನಿಸೋದು ಸಹಜ. ಆದರೆ ಆ ನಂಬರ್ ನಂಬಿ ಮಾತ್ರೆ ಬಿಟ್ಟರೆ ಕಷ್ಟ.

ಬೆರಳಲ್ಲಿ ರಕ್ತ ಹರಿಯುವಾಗ ಬಣ್ಣ ಸ್ವಲ್ಪ ಏರಿಳಿಯುತ್ತೆ. ಕ್ಯಾಮೆರಾಗೆ ಕಾಣೋದು ಅಷ್ಟೇ. ಅದರಿಂದ ನಾಡಿಬಡಿತ ಎಣಿಸಬಹುದು, ಬಿಪಿಯನ್ನು ನಂಬುವ ಹಾಗೆ ಹೇಳೋಕಾಗಲ್ಲ. ಅಮೆರಿಕದಲ್ಲಿ 'ಇನ್‌ಸ್ಟಂಟ್ ಬ್ಲಡ್ ಪ್ರೆಶರ್' ಎಂಬ ಆ್ಯಪ್ ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. ಜಾನ್ಸ್ ಹಾಪ್‌ಕಿನ್ಸ್ ವೈದ್ಯರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಪ್ರಕಾರ, ಬಿಪಿ ಜಾಸ್ತಿ ಇದ್ದ 10 ಜನರಲ್ಲಿ ಹೆಚ್ಚುಕಡಿಮೆ 8 ಮಂದಿಗೆ ಅದು 'ಜಾಸ್ತಿ ಇಲ್ಲ' ಎಂದೇ ತೋರಿಸಿತ್ತು. ಆಮೇಲೆ ಆ ಕಂಪನಿ ಮೇಲೆ ಅಲ್ಲಿನ ಸರ್ಕಾರಿ ಸಂಸ್ಥೆಯೇ ಕ್ರಮ ಕೈಗೊಂಡಿತು.

ಹಾಗಂತ ಆ್ಯಪ್ ದಂಡ ಅಲ್ಲ. ತೋಳಿಗೆ ಪಟ್ಟಿ ಕಟ್ಟುವ ಮಷೀನ್‌ನಲ್ಲಿ ನೋಡಿದ್ದನ್ನು ಬರೆದಿಡೋಕೆ ಅದು ಒಳ್ಳೇದು. ಬ್ಲೂಟೂತ್ ಇರುವ ಮಷೀನಾದರೆ ನಂಬರ್ ತಾನೇ ಫೋನ್‌ಗೆ ಹೋಗುತ್ತೆ. ಒಂದು ವಾರ ಬೆಳಗ್ಗೆ, ಸಂಜೆ ಎರಡೆರಡು ಸಲ ನೋಡಿದ ಪಟ್ಟಿ ಡಾಕ್ಟರಿಗೆ ತೋರಿಸಿ.

ಕಾಫಿ ಕುಡಿದು ಅರ್ಧ ಗಂಟೆ ಬಿಡಿ. ಐದು ನಿಮಿಷ ಸುಮ್ಮನೆ ಒರಗಿ ಕೂತು, ಕೈಯನ್ನು ಎದೆ ಮಟ್ಟಕ್ಕೆ ಟೇಬಲ್ ಮೇಲಿಟ್ಟು ನೋಡಿ. ಗಿರಾಕಿ ಜೊತೆ ಮಾತಾಡ್ತಾ ನೋಡಿದರೆ ನಂಬರ್ ಏರುತ್ತೆ! ಮನೆಯಲ್ಲಿ ಸರಾಸರಿ 135/85 ದಾಟಿದರೆ ಡಾಕ್ಟರನ್ನು ಕಾಣಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಇದ್ದರೆ ಆ್ಯಪ್ ನೋಡ್ತಾ ಕೂರದೆ 108ಕ್ಕೆ ಕರೆ ಮಾಡಿ.