ಒಂದೇ ಗಂಟಲು, ಊರು ತುಂಬ ಪಾತ್ರ

ಈ ದನಿಯೂ ಅವರದೇ! ಊರೂರು ಸುತ್ತುವ ಹಾಡುಗಾರ ಹುಡುಗನಿಗೆ ಹಾಡಿದವರೇ ಪೆದ್ದ ರಾಜನಿಗೂ ಹಾಡಿದ್ದಾರೆ. ಹೋಗಲಿ, ಅಷ್ಟನ್ನು ನಂಬಬಹುದು. ಆದರೆ ಡಕಾಯಿತರ ಒಡತಿ? ಠೇಂಕಾರದಿಂದ ಕುಣಿಯುತ್ತಾಳಲ್ಲ, ಆ ಒರಟು ಹೆಂಗಸು? ಅದೂ ಅದೇ ಗಂಡಸಿನ ಗಂಟಲು!

1969ರಲ್ಲಿ ಮಾಸ್ಕೋದ ಸೊಯುಜ್‌ಮುಲ್ಟ್‌ಫಿಲ್ಮ್ ಸ್ಟುಡಿಯೊ ತಯಾರಿಸಿದ ‘ಬ್ರೆಮೆನ್ ಸಂಗೀತಗಾರರು’ ಎಂಬ ಕಾರ್ಟೂನ್ ಚಿತ್ರವಿದು. ಬರೀ 20 ನಿಮಿಷದ್ದು. ಮಾತು ಬಹುತೇಕ ಇಲ್ಲವೇ ಇಲ್ಲ, ಎಲ್ಲ ಹಾಡಿನಲ್ಲೇ. ಆ ಗಂಟಲು ನಟ ಒಲೆಗ್ ಅನೊಫ್ರಿಯೆವ್ ಅವರದು. ರೆಕಾರ್ಡಿಂಗಿಗೆ ಬರಬೇಕಿದ್ದವರು ಕೈಕೊಟ್ಟಾಗ ಇವರೊಬ್ಬರೇ ರಾತ್ರಿಯೆಲ್ಲ ನಿಂತು ಹಾಡಿದರು ಎಂದು ಹೇಳುತ್ತಾರೆ. ರಾಜಕುಮಾರಿಗೆ ಎಲ್ಮಿರಾ ಝೆರ್ಜ್‌ದೇವಾ, ಕತ್ತೆಗೆ ಅನತೋಲಿ ಗೊರೊಖೊವ್ ಹಾಡಿದರು. ಮಿಕ್ಕಂತೆ ಭಾಗವತಿಕೆ, ವೇಷ ಎರಡನ್ನೂ ಒಬ್ಬರೇ ಹೊತ್ತ ಮೇಳ!

ಕಥೆಯ ಬೇರು ಗ್ರಿಮ್ ಸಹೋದರರದು. ಮುಪ್ಪಾಗಿ ಯಜಮಾನರಿಗೆ ಬೇಡವಾದ ಕತ್ತೆ, ನಾಯಿ, ಬೆಕ್ಕು, ಹುಂಜಗಳು ಬ್ರೆಮೆನ್ ಪಟ್ಟಣದತ್ತ ಹೊರಡುವ ಜರ್ಮನ್ ಕಥೆ ಅದು. ಯೂರಿ ಎಂತಿನ್ ಮತ್ತು ವಸೀಲಿ ಲಿವಾನೊವ್ ಅದಕ್ಕೊಬ್ಬ ಹಾಡುಗಾರನನ್ನೂ ರಾಜಕುಮಾರಿಯನ್ನೂ ಸೇರಿಸಿದರು. (ಹೌದು, ಮುಂದೆ ಸೋವಿಯತ್ ಟಿವಿಯಲ್ಲಿ ಷರ್ಲಾಕ್ ಹೋಮ್ಸ್ ಆದ ಅದೇ ಲಿವಾನೊವ್.) ಗೆನ್ನಾದಿ ಗ್ಲಾದ್‌ಕೊವ್ ಸಂಗೀತ ಕೊಟ್ಟರು, ಇನೆಸ್ಸಾ ಕೊವಾಲೆವ್‌ಸ್ಕಾಯಾ ನಿರ್ದೇಶಿಸಿದರು.

ಇನ್ನು ಉಡುಪು ನೋಡಿ! ಕೋಟೆ, ಕಾವಲುಭಟರು, ಸಾರೋಟು ಎಲ್ಲ ಹಳೇ ಕಾಲದವು. ನಾಯಕನ ಪ್ಯಾಂಟು ಮಾತ್ರ ಬೆಲ್‌ಬಾಟಮ್! ರಾಜಕುಮಾರಿ ತೊಟ್ಟದ್ದು ಮಂಡಿಯಿಂದ ಎಷ್ಟೋ ಮೇಲಿನ ಕೆಂಪು ಫ್ರಾಕು. ಹುಂಜಕ್ಕೆ ಕಪ್ಪು ಕನ್ನಡಕ. ಪಾಶ್ಚಾತ್ಯ ರಾಕ್ ಸಂಗೀತವನ್ನು ಅಧಿಕಾರಿಗಳು ಅನುಮಾನದಿಂದ ನೋಡುತ್ತಿದ್ದ ದೇಶದಲ್ಲಿ, ಮಕ್ಕಳ ಚಿತ್ರದ ನೆವದಲ್ಲಿ, ಅದರ ತಾಳ ಮನೆಮನೆಗೆ ನುಗ್ಗಿಬಿಟ್ಟಿತು. ‘ಮೆಲೋದಿಯಾ’ ಕಂಪನಿಯ ಗ್ರಾಮಫೋನ್ ತಟ್ಟೆಗಳು ಲಕ್ಷಗಟ್ಟಲೆ ಖರ್ಚಾದವು.

ಒಡತಿಯ ಹಿಂದೆ ಕುಣಿಯುವ ಮೂವರು ಡಕಾಯಿತರ ಮುಖವನ್ನೂ ದಿಟ್ಟಿಸಿ. ಲಿಯೊನಿದ್ ಗೈದಾಯ್ ಅವರ ಹಾಸ್ಯಚಿತ್ರಗಳ ಪುಕ್ಕಲ, ದಡ್ಡ, ಪಳಗಿದ ಕಳ್ಳ, ಅಂದರೆ ವಿತ್ಸಿನ್, ನಿಕುಲಿನ್, ಮೊರ್ಗುನೊವ್ ತ್ರಿಮೂರ್ತಿಗಳೇ ಗೆರೆಗಳಲ್ಲಿ ಇಳಿದಿದ್ದಾರೆ! ಇವರನ್ನು ಗುಡಿಸಿಲಿನಿಂದ ಓಡಿಸಿದ ಪ್ರಾಣಿಗಳು ಮಾಡುವುದೇನು? ಅವರದೇ ಬಟ್ಟೆ ತೊಟ್ಟು ರಾಜನನ್ನು ಮರಕ್ಕೆ ಕಟ್ಟಿಹಾಕುತ್ತವೆ, ರಾಜಕುಮಾರಿಯನ್ನು ಮೆಚ್ಚಿದ ಹಾಡುಗಾರ ಗೆಳೆಯ ಬಂದು ‘ಬಿಡಿಸಲಿ’, ಮಾವನ ಮನಸ್ಸು ಗೆಲ್ಲಲಿ ಎಂದು! ಅದಾದ ಮೇಲೆ ಅರಮನೆಯಲ್ಲಿ ಔತಣ ನಡೆದಿರುವಾಗ, ಇನ್ನು ನಮ್ಮ ಅಗತ್ಯವಿಲ್ಲ ಅಂದುಕೊಂಡು ಸದ್ದಿಲ್ಲದೆ ಹೊರಟುಬಿಡುತ್ತವೆ. ನನಗಂತೂ ಇಡೀ ಚಿತ್ರದಲ್ಲಿ ಎದೆ ಹಿಂಡುವ ಗಳಿಗೆ ಇದೇ. ಹುಡುಗ ಬಿಡುತ್ತಾನೆಯೇ? ರಾಜಕುಮಾರಿಯ ಜೊತೆ ಓಡಿಬಂದು ಅವುಗಳನ್ನು ಕೂಡಿಕೊಳ್ಳುತ್ತಾನೆ.

1973ರಲ್ಲಿ ಎರಡನೇ ಭಾಗ ಬಂತು, ಲಿವಾನೊವ್ ನಿರ್ದೇಶನದಲ್ಲಿ. ಈ ಸಲ ನಾಯಕನಿಗೆ ಹಾಡಿದವರು ಅಜರ್‌ಬೈಜಾನಿನ ಹೆಸರಾಂತ ಗಾಯಕ ಮುಸ್ಲಿಂ ಮಗೊಮಾಯೆವ್. ನಾಯಕನ ಬೆನ್ನುಹತ್ತುವ ಪತ್ತೇದಾರನಿಗೆ ಹಾಡಿದವರು ಯಾರು ಗೊತ್ತೇ? ಮಗೊಮಾಯೆವ್! ಡಕಾಯಿತರ ಒಡತಿಗೆ? ಅವರೇ!