ಉಡುಗೊರೆಗೆ ಸೊಪ್ಪಿನ ಕುಂಡ: ಕೊಡುವ ಮುನ್ನ ಕಿಟಕಿ ನೋಡಿ

ಗೃಹಪ್ರವೇಶ, ಮದುವೆ, ನಾಮಕರಣಕ್ಕೆ ಹೋಗುವವರು ಸ್ಟೀಲ್ ಪಾತ್ರೆ, ಗೋಡೆ ಗಡಿಯಾರ ಕೊಡುವುದು ವಾಡಿಕೆ. ಅದರ ಬದಲು ಕೊತ್ತಂಬರಿ, ಪುದೀನ, ದೊಡ್ಡಪತ್ರೆಯ ಕುಂಡವನ್ನು ಮನೆಯಲ್ಲೇ ಬೆಳೆಸಿ ಕೊಡಬಹುದು. ಖರ್ಚು ಕಡಿಮೆ, ಅಡುಗೆಮನೆಗೆ ದಿನವೂ ಉಪಯೋಗ. ಆದರೆ ಹೀಗೆ ಕೊಟ್ಟ ಎಷ್ಟೋ ಕುಂಡಗಳು ಹದಿನೈದು ದಿನಗಳಲ್ಲಿ ಒಣಗಿಹೋಗುತ್ತವೆ. ‘ನಮ್ಮ ಕೈಯಲ್ಲಿ ಗಿಡ ಸತ್ತಿತು’ ಎಂಬ ಕೊರಗು ಪಡೆದವರಿಗೆ ಉಳಿಯುತ್ತದೆ. ಬಹಳ ಸಲ ತಪ್ಪು ಅವರದಲ್ಲ. ಆ ಮನೆಯ ಬೆಳಕಿಗೆ ಹೊಂದದ ಗಿಡವನ್ನು ಕೊಟ್ಟದ್ದೇ ಕಾರಣ.

ಮೊದಲು ಬೆಳಕು

ಕೊಡುವ ಮನೆಯ ಕಿಟಕಿ ಯಾವ ದಿಕ್ಕಿಗಿದೆ, ಅಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದು ಮೊದಲೇ ತಿಳಿದುಕೊಳ್ಳಬೇಕು. ಪೂರ್ವದ ಕಿಟಕಿಯಲ್ಲಿ ಬೆಳಗಿನ ಎಳೆಬಿಸಿಲು ಮೂರು ನಾಲ್ಕು ಗಂಟೆ ಸಿಕ್ಕರೆ ಕೊತ್ತಂಬರಿ, ಮೆಂತ್ಯ ಬೆಳೆಯುತ್ತವೆ. ಬಿಸಿಲು ಕಡಿಮೆಯಿದ್ದು ಬೆಳಕು ಚೆನ್ನಾಗಿದ್ದರೆ ಪುದೀನ, ದೊಡ್ಡಪತ್ರೆ ಸಾಕು. ಕರಿಬೇವು ಮತ್ತು ಮಜ್ಜಿಗೆ ಹುಲ್ಲಿಗೆ ನೇರ ಬಿಸಿಲು ಬೇಕು. ಬಾಲ್ಕನಿ ಅಥವಾ ತಾರಸಿ ಇಲ್ಲದ ಮನೆಗೆ ಇವನ್ನು ಕೊಡದಿರುವುದೇ ಒಳ್ಳೆಯದು.

ಎಷ್ಟು ದಿನ ಮೊದಲು ಶುರು ಮಾಡಬೇಕು?

ಮೆಂತ್ಯ: ಕಾಳನ್ನು ರಾತ್ರಿ ನೆನೆಸಿ ಬಿತ್ತಿದರೆ ಮೂರು ನಾಲ್ಕು ದಿನಗಳಲ್ಲಿ ಮೊಳಕೆ, 20ರಿಂದ 25 ದಿನಗಳಲ್ಲಿ ಸೊಪ್ಪು.

ಕೊತ್ತಂಬರಿ: ಅಂಗಡಿಯ ಧನಿಯವೇ ಆಗುತ್ತದೆ, ಹಳೆಯದಾಗಿರಬಾರದು, ಹುರಿದಿರಬಾರದು. ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ, ಕೊಡುವ ಕುಂಡದಲ್ಲೇ ಬಿತ್ತಬೇಕು. ಕಿತ್ತು ನೆಟ್ಟರೆ ಬಾಡುತ್ತದೆ. ಮೊಳಕೆಗೆ ಒಂದೆರಡು ವಾರ, ಸೊಪ್ಪಿಗೆ 35ರಿಂದ 40 ದಿನ.

ಪುದೀನ: ಸಂತೆಯ ಕಟ್ಟಿನಿಂದ ಗಟ್ಟಿ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು ಲೋಟದ ನೀರಿನಲ್ಲಿಡಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಸುಮಾರು ಹತ್ತು ದಿನಗಳಲ್ಲಿ ಬೇರು ಬರುತ್ತದೆ. ಕುಂಡಕ್ಕೆ ಹಾಕಿ ತಿಂಗಳು ಬಿಟ್ಟರೆ ಕೊಡುವ ಹದ. ಇದು ಬೇರೆ ಗಿಡವನ್ನು ಬೆಳೆಯಲು ಬಿಡದು, ಒಂಟಿಯಾಗಿಯೇ ಇರಲಿ.

ದೊಡ್ಡಪತ್ರೆ: ಗೇಣುದ್ದದ ಕಡ್ಡಿ ಚುಚ್ಚಿದರೆ ಸಾಕು, ಎರಡು ಮೂರು ವಾರಗಳಲ್ಲಿ ಬೇರು ಹಿಡಿಯುತ್ತದೆ. ಗಿಡ ತುಂಬಿಕೊಳ್ಳಲು ಒಂದೂವರೆ ತಿಂಗಳು ಬೇಕು.

ಮಣ್ಣು, ನೀರು

ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಅಂದದ ಪಿಂಗಾಣಿ ಕುಂಡದಲ್ಲಿ ಬೇರು ಕೊಳೆಯುತ್ತದೆ. ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಬಹುದು. ಬೆರಳಿಟ್ಟು ನೋಡಿದಾಗ ಮೇಲಿನ ಒಂದು ಅಂಗುಲ ಒಣಗಿದ್ದರೆ ಮಾತ್ರ ನೀರು. ದೊಡ್ಡಪತ್ರೆಗೆ ಇನ್ನೂ ಕಡಿಮೆ. ತಟ್ಟೆಯಲ್ಲಿ ನಿಂತ ನೀರನ್ನು ಆಗಲೇ ಚೆಲ್ಲಬೇಕು.

ಅಹಿಂಸೆಯ ದೃಷ್ಟಿಯಿಂದಲೂ ಈ ಎಚ್ಚರ ಅಗತ್ಯ. ಸದಾ ಒದ್ದೆಯಾದ ಮಣ್ಣಿನಲ್ಲಿ ಸಣ್ಣ ನೊಣ, ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತವೆ. ಹುಟ್ಟಿದ ಮೇಲೆ ಔಷಧಿ ಹೊಡೆಯುವುದಕ್ಕಿಂತ ಹುಟ್ಟಲು ಅವಕಾಶ ಕೊಡದಿರುವುದು ಮೇಲು. ಗಾಳಿಯಾಡುವ ಜಾಗ, ಹಿತಮಿತ ನೀರು, ಹಣ್ಣಾದ ಎಲೆಗಳನ್ನು ಆಗಾಗ ತೆಗೆಯುವುದು, ಇಷ್ಟು ಮಾಡಿದರೆ ಹುಳುವಿನ ಕಾಟ ಬಹಳ ಕಡಿಮೆ.

ಜೈನ ಮನೆಗಳಿಗೆ ಹೊಂದುವಂತೆ

ಈರುಳ್ಳಿ, ಬೆಳ್ಳುಳ್ಳಿ ಬಳಸದ ಅಡುಗೆಗೆ ಕೊತ್ತಂಬರಿ, ಪುದೀನಗಳ ಪರಿಮಳ ದೊಡ್ಡ ಆಸರೆ. ಕಂದಮೂಲ ತ್ಯಜಿಸಿದವರಿಗೆ ಹಸಿ ಶುಂಠಿ, ಅರಿಶಿನದ ಕುಂಡ ಕೊಡುವುದು ಸರಿಯಲ್ಲ. ಅಷ್ಟಮಿ, ಚತುರ್ದಶಿಗಳಂದು ಹಸಿರು ಬಿಡುವ ಮನೆಗಳಲ್ಲಿ ಸಂತೆಯಿಂದ ತಂದ ಕಟ್ಟು ಬಾಡಿ ಹಾಳಾಗುತ್ತದೆ. ಕುಂಡದ ಸೊಪ್ಪು ಗಿಡದಲ್ಲೇ ಕಾಯುತ್ತದೆ, ಮರುದಿನ ಬೇಕಾದಷ್ಟೇ ಚಿವುಟಿ, ನೋಡಿ, ತೊಳೆದು ಬಳಸಬಹುದು. ಚಾತುರ್ಮಾಸದಲ್ಲಿ ಸೊಪ್ಪು ತ್ಯಜಿಸುವ ಮನೆಯಾದರೆ ಉಡುಗೊರೆಯನ್ನು ಆಮೇಲಕ್ಕೆ ಇಟ್ಟುಕೊಳ್ಳಬೇಕು.

ಕೊಡುವಾಗ

ಎಲ್ಲಿ ಇಡಬೇಕು, ಯಾವಾಗ ನೀರು ಹಾಕಬೇಕು ಎಂದು ಎರಡು ಸಾಲು ಬರೆದ ಚೀಟಿ ಜೊತೆಗಿರಲಿ. ಪುದೀನ, ದೊಡ್ಡಪತ್ರೆಗಳನ್ನು ಚಿವುಟಿದಷ್ಟೂ ಚಿಗುರುತ್ತವೆ. ಕೊತ್ತಂಬರಿ, ಮೆಂತ್ಯ ಹಾಗಲ್ಲ. ಒಂದೆರಡು ಸಲ ಕೊಯ್ದ ಮೇಲೆ ಅವುಗಳ ಕಾಲ ಮುಗಿಯುತ್ತದೆ. ಅದು ಯಾರ ಅಲಕ್ಷ್ಯದಿಂದಲೂ ಆದದ್ದಲ್ಲ, ಆ ಗಿಡದ ಆಯಸ್ಸೇ ಅಷ್ಟು ಎಂದು ಪಡೆದವರಿಗೆ ಮೊದಲೇ ಹೇಳಬೇಕು. ಒಂದು ಹಿಡಿ ಧನಿಯವನ್ನೋ ಮೆಂತ್ಯವನ್ನೋ ಸಣ್ಣ ಪೊಟ್ಟಣ ಕಟ್ಟಿ ಜೊತೆಗೆ ಕೊಟ್ಟರೆ ಅದೇ ಕುಂಡದಲ್ಲಿ ಅವರೇ ಮತ್ತೆ ಬಿತ್ತಿಕೊಳ್ಳುತ್ತಾರೆ.