ಸ್ಕಿಜೋಫ್ರೇನಿಯಾ ರೋಗಿಗಳ ಗೃಹಶುಶ್ರೂಷೆ: ಒಂದು ಚಾರಿತ್ರಿಕ ಸಮೀಕ್ಷೆ

ವೈದ್ಯಕೀಯದ ಚರಿತ್ರೆಯಲ್ಲಿ ಆಸ್ಪತ್ರೆಗಳ ಸ್ಥಾಪನೆಗೆ ದೊರೆತ ಸ್ಥಾನವು, ಆಸ್ಪತ್ರೆಯಿಂದ ಹಿಂದಿರುಗಿದ ರೋಗಿಯ ಬಾಳಿಗೆ ದೊರೆತಿಲ್ಲ. ಆದರೆ ಸ್ಕಿಜೋಫ್ರೇನಿಯಾ, ಅಂದರೆ ಇಚ್ಚಿತ್ತ ವಿಕಲತೆಯೆಂಬ ಮನೋರೋಗದಲ್ಲಿ ರೋಗಿಯ ಭವಿಷ್ಯವು ಬಹುಮಟ್ಟಿಗೆ ಮನೆಯಲ್ಲಿಯೇ ನಿರ್ಧಾರವಾಗುತ್ತದೆ. ಶುಶ್ರೂಷಕಿಯು ರೋಗಿಯ ಮನೆಗೇ ಹೋಗಿ ಆರೈಕೆಮಾಡುವ ಪದ್ಧತಿಯು ಹೇಗೆ ಬೆಳೆಯಿತು, ಅದರಿಂದ ಏನು ಸಿದ್ಧಿಸಿತು ಎಂಬುದನ್ನು ಇಲ್ಲಿ ವಿಚಾರಮಾಡುತ್ತೇವೆ.

ಇಲ್ಲದ ಧ್ವನಿಗಳನ್ನು ಕೇಳುವುದು, ಆಧಾರವಿಲ್ಲದೆ ಶಂಕಿಸುವುದು, ಕೆಲಸದಲ್ಲಿಯೂ ಸ್ವಜನರಲ್ಲಿಯೂ ಆಸಕ್ತಿಯನ್ನು ಕಳೆದುಕೊಳ್ಳುವುದು ಈ ರೋಗದ ಮುಖ್ಯ ಲಕ್ಷಣಗಳು. ತನಗೆ ರೋಗವಿದೆಯೆಂಬ ಅರಿವೇ ಅನೇಕ ರೋಗಿಗಳಿಗೆ ಇರುವುದಿಲ್ಲ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೋಮಜೀನ್ ಎಂಬ ಔಷಧವು ಮನೋರೋಗಿಗಳ ಮೇಲೆ ಪ್ರಯೋಗವಾದ ತರುವಾಯ ಬಹುಮಂದಿ ಮನೆಗೆ ಮರಳುವುದು ಸಾಧ್ಯವಾಯಿತು. ಆದರೆ ಔಷಧವನ್ನು ನಿಲ್ಲಿಸಿದವರಲ್ಲಿ ರೋಗವು ಅನೇಕವೇಳೆ ಮರುಕಳಿಸುತ್ತಿತ್ತು. ಹೀಗೆ, ಆಸ್ಪತ್ರೆಯ ಬಾಗಿಲು ತೆರೆದೊಡನೆ ಮನೆಯ ಹೊಣೆಯು ಹೆಚ್ಚಿತು.

ಈ ಹೊಣೆಯನ್ನು ಹಂಚಿಕೊಳ್ಳುವ ಮೊದಲ ಯತ್ನಗಳಲ್ಲೊಂದು ಇಂಗ್ಲೆಂಡಿನಲ್ಲಿ ನಡೆಯಿತು. 1954ರಲ್ಲಿ ವಾರ್ಲಿಂಗ್‌ಹ್ಯಾಮ್ ಪಾರ್ಕ್ ಆಸ್ಪತ್ರೆಯು, ಕ್ರಾಯ್ಡನ್ ಪ್ರದೇಶದಲ್ಲಿ ಬಿಡುಗಡೆಹೊಂದಿದ ರೋಗಿಗಳನ್ನು ನೋಡಿಕೊಳ್ಳಲು ತನ್ನ ಶುಶ್ರೂಷಕರನ್ನು ಹೊರಗೆ ಕಳುಹಿಸಿತು.

ಈ ಪದ್ಧತಿಯ ಫಲವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದವರು ಅಮೆರಿಕದ ಪಸಮ್ಯಾನಿಕ್, ಸ್ಕಾರ್ಪಿಟಿ ಮತ್ತು ಡಿನಿಟ್ಜ್. 1960ರ ದಶಕದ ಮೊದಲ ಭಾಗದಲ್ಲಿ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ 152 ರೋಗಿಗಳನ್ನು ಮೂರು ಗುಂಪುಗಳನ್ನಾಗಿ ವಿಂಗಡಿಸಿದರು. ಒಂದು ಗುಂಪು ಆಸ್ಪತ್ರೆಯ ಚಿಕಿತ್ಸೆಯದು. ಉಳಿದೆರಡು ಗುಂಪಿನವರ ಮನೆಗಳಿಗೂ ಸಾರ್ವಜನಿಕ ಆರೋಗ್ಯ ಶುಶ್ರೂಷಕಿಯರು ಹೋಗುತ್ತಿದ್ದರು. ಒಂದಕ್ಕೆ ನಿಜವಾದ ಔಷಧ, ಮತ್ತೊಂದಕ್ಕೆ ಔಷಧಗುಣವಿಲ್ಲದ ಗುಳಿಗೆ. 1967ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧ ಪಡೆದವರಲ್ಲಿ ಶೇಕಡಾ 77ಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೆ ಸೇರದೆ ಮನೆಯಲ್ಲಿಯೇ ಉಳಿದರು. ಬರಿಯ ಗುಳಿಗೆ ಪಡೆದವರಲ್ಲಿ ಹಾಗೆ ಉಳಿದವರು ಶೇಕಡಾ 34 ಮಾತ್ರ. ಭೇಟಿಯು ಔಷಧದ ಸ್ಥಾನವನ್ನು ತುಂಬಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ಪ್ರಯೋಗದ ಉತ್ತರಕಥೆಯು ಇನ್ನೂ ಗಮನಾರ್ಹವಾದುದು. ಯೋಜನೆ ಮುಗಿದು ಭೇಟಿಗಳು ನಿಂತ ಐದು ವರ್ಷಗಳ ಬಳಿಕ ನಡೆದ ಪರಿಶೀಲನೆಯ ವರದಿಯು 1974ರಲ್ಲಿ ಹೊರಬಂದಿತು. ಗುಂಪುಗಳ ನಡುವಣ ಅಂತರವು ಅಷ್ಟರಲ್ಲಿ ಕರಗಿಹೋಗಿತ್ತು. ಆರೈಕೆಯೊಡನೆ ಅದರ ಫಲವೂ ನಿಂತಿತ್ತು.

ನಮ್ಮ ನಾಡಿನಲ್ಲಿಯೂ ಇಂಥ ಪರೀಕ್ಷೆ ನಡೆದಿರುವುದು ಸಂತೋಷದ ಸಂಗತಿ. ಬೆಂಗಳೂರಿನಲ್ಲಿ ಎಸ್. ಪೈ ಮತ್ತು ಆರ್. ಎಲ್. ಕಪೂರ್ ಅವರು ತಲಾ 27 ಸ್ಕಿಜೋಫ್ರೇನಿಯಾ ರೋಗಿಗಳ ಎರಡು ಗುಂಪುಗಳನ್ನು ಹೋಲಿಸಿ, 1980ರ ದಶಕದ ಆದಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪು ಆಸ್ಪತ್ರೆಯನ್ನು ಸೇರಿತು. ಮತ್ತೊಂದು ಗುಂಪಿನವರ ಮನೆಗೆ, ರೋಗಿಯ ಸ್ಥಿತಿಯನ್ನು ಗುರುತಿಸುವುದರಲ್ಲಿಯೂ ಮನೆಯವರಿಗೆ ಸಲಹೆ ನೀಡುವುದರಲ್ಲಿಯೂ ತರಬೇತಿ ಪಡೆದ ಶುಶ್ರೂಷಕಿಯು ತಪ್ಪದೆ ಹೋಗುತ್ತಿದ್ದಳು. 6 ತಿಂಗಳ ತರುವಾಯ ನೋಡಲಾಗಿ, ಮನೆಯಲ್ಲಿ ಆರೈಕೆ ಪಡೆದವರ ರೋಗಲಕ್ಷಣಗಳು ಹೆಚ್ಚಾಗಿ ಶಮನಗೊಂಡಿದ್ದುವು, ಅವರ ಸಾಮಾಜಿಕ ನಡವಳಿಕೆ ಉತ್ತಮಗೊಂಡಿತ್ತು, ಕುಟುಂಬದ ಭಾರವು ಬಹಳ ಇಳಿದಿತ್ತು, ವೆಚ್ಚವೂ ಕಡಮೆಯಾಗಿತ್ತು. 54 ಮಂದಿಯ ಅನುಭವವನ್ನು ಎಲ್ಲ ಮನೆಗಳಿಗೂ ಅನ್ವಯಿಸಲಾಗದು. ತೀವ್ರಾವಸ್ಥೆಯಲ್ಲಿ ಆಸ್ಪತ್ರೆಯು ಅನಿವಾರ್ಯವಾಗುವುದೂ ಉಂಟು. ಆದರೂ ಕುಟುಂಬದ ಭಾರವನ್ನೇ ಒಂದು ಅಳತೆಗೋಲಾಗಿ ಪರಿಗಣಿಸಿದುದು ಈ ಅಧ್ಯಯನದ ವೈಶಿಷ್ಟ್ಯ. ರೋಗಿಯೊಡನೆ ಹಗಲಿರುಳು ಬಾಳುವ ತಾಯಿ, ಹೆಂಡತಿ, ಒಡಹುಟ್ಟಿದವರ ಬವಣೆಯನ್ನು ಎಣಿಸದ ಚಿಕಿತ್ಸೆಯು ಅಪೂರ್ಣವಲ್ಲವೇ?

ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ರೋಗಿಯ ಕುಟುಂಬಕ್ಕೆ ನೆರವಾಗುವ ಸೇವೆಯನ್ನೂ ಮನೆಯಲ್ಲಿಯೇ ನಡೆಯುವ ಪುನರ್ವಸತಿಯನ್ನೂ ಸರ್ಕಾರದ ಕರ್ತವ್ಯಗಳೊಳಗೆ ಸೇರಿಸಿದೆ. ಶಾಸನವು ಮಾರ್ಗವನ್ನು ತೋರಿದೆ. ಆ ಮಾರ್ಗದಲ್ಲಿ ಶುಶ್ರೂಷಕಿಯು ಕೆಲವು ತಿಂಗಳು ನಡೆದು ನಿಂತರೆ ಸಾಲದೆಂಬುದೇ ಲೂಯಿವಿಲ್ಲಿನ ಪಾಠ. ಗೃಹಶುಶ್ರೂಷೆಯನ್ನು ಅವಧಿ ಗೊತ್ತುಮಾಡಿದ ಯೋಜನೆಯಾಗಿ ನಡೆಸದೆ, ರೋಗವಿರುವವರೆಗೂ ಇರಬೇಕಾದ ಸೇವೆಯಾಗಿ ಭಾವಿಸಬೇಕೆಂಬುದು ನಮ್ಮ ಅಭಿಪ್ರಾಯ.